ಹೆಕ್ಕಲು ನಿಂತರೇ, ಹೆಕ್ಕುವುದನ್ನು ನಿಲ್ಲಿಸಿದರೇ?

ಇಂಗ್ಲಿಷಿನ 'ಟು' ಮತ್ತು 'ಇಂಗ್' ನಡುವೆ ತಡವರಿಸುವವರಿಗೆ ಕನ್ನಡದ ವಿಭಕ್ತಿಗಳೇ ದಾರಿ ತೋರಬಲ್ಲವು

1863ರ ಮೇ 30. ಮದ್ರಾಸಿನ ದಕ್ಷಿಣದ ಪಲ್ಲಾವರಂ ಆಗ ಸೈನ್ಯದ ದಂಡು ಬೀಡುಬಿಟ್ಟಿದ್ದ ಊರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಯುವ ಅಧಿಕಾರಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಅಲ್ಲಿನ ಜಲ್ಲಿ ಗುಂಡಿಯೊಂದರಲ್ಲಿ ಒಂದು ಕಲ್ಲು ಸಿಕ್ಕಿತು. ನೀರಿನ ಸೆಳೆತಕ್ಕೆ ನುಣುಪಾದ ಕಲ್ಲಲ್ಲ, ಮನುಷ್ಯ ಕೈಯಾರೆ ಕೆತ್ತಿದ ಆಯುಧ. ಭಾರತದಲ್ಲಿ ಹಳೆಯ ಶಿಲಾಯುಗದ ಅಧ್ಯಯನ ಶುರುವಾದದ್ದು ಆ ಕಲ್ಲಿನಿಂದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫೂಟ್ ತಮ್ಮ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆಗೂಡಿ ಅತ್ತಿರಂಪಾಕ್ಕಂ ಎಂಬ ಇನ್ನೂ ದೊಡ್ಡ ನೆಲೆಯನ್ನು ಕಂಡರು. ಮುಂದೆ ಬಳ್ಳಾರಿ, ರಾಯಚೂರಿನ ಬಯಲುಗಳಲ್ಲೂ ಕಲ್ಲು ಹುಡುಕಿದರು.

ಈ ಘಟನೆಯನ್ನು ಒಂದೇ ವಾಕ್ಯದಲ್ಲಿ ಇಂಗ್ಲಿಷಿಗೆ ತನ್ನಿ ಎಂದರೆ ಎರಡು ಉತ್ತರ ಬರಬಹುದು. 'ಫೂಟ್ ಸ್ಟಾಪ್ಡ್ ಟು ಪಿಕ್ ಅಪ್ ಸ್ಟೋನ್ಸ್' ಎಂಬುದು ಒಂದು. 'ಫೂಟ್ ಸ್ಟಾಪ್ಡ್ ಪಿಕಿಂಗ್ ಅಪ್ ಸ್ಟೋನ್ಸ್' ಎಂಬುದು ಇನ್ನೊಂದು. ವ್ಯಾಕರಣದ ಲೆಕ್ಕದಲ್ಲಿ ಎರಡೂ ಸರಿ. ಆದರೆ ಮೊದಲನೆಯದರಲ್ಲಿ ಅವರು ಕಲ್ಲು ಹೆಕ್ಕಲು ನಿಂತರು, ಎರಡನೆಯದರಲ್ಲಿ ಹೆಕ್ಕುವುದನ್ನೇ ನಿಲ್ಲಿಸಿಬಿಟ್ಟರು. ಎರಡನೆಯ ವಾಕ್ಯ ನಿಜವಾಗಿದ್ದರೆ ಪಲ್ಲಾವರಂ ಎಂಬ ಹೆಸರು ಪುರಾತತ್ತ್ವದ ಪುಸ್ತಕಗಳಲ್ಲಿ ಇರುತ್ತಲೇ ಇರಲಿಲ್ಲ.

ಕ್ರಿಯಾಪದದ ಹಿಂದೆ 'ಟು' ಬರುವ ರೂಪವನ್ನು ಇಂಗ್ಲಿಷ್ ವ್ಯಾಕರಣ ಇನ್ಫಿನಿಟಿವ್ ಎನ್ನುತ್ತದೆ. 'ಇಂಗ್' ಅಂಟಿಕೊಂಡು ನಾಮಪದದಂತೆ ನಡೆದುಕೊಳ್ಳುವ ರೂಪಕ್ಕೆ ಜೆರಂಡ್ ಎಂದು ಹೆಸರು. 'ವಾಂಟ್ ಟು ಗೋ' ಎನ್ನಬೇಕು, 'ವಾಂಟ್ ಗೋಯಿಂಗ್' ಎನ್ನಬಾರದು. 'ಎಂಜಾಯ್ ರೀಡಿಂಗ್' ಎನ್ನಬೇಕು, 'ಎಂಜಾಯ್ ಟು ರೀಡ್' ಎನ್ನಬಾರದು. ಇಂಗ್ಲಿಷನ್ನು ಮನೆಮಾತಾಗಿ ಕಲಿತವರಿಗೆ ಈ ಆಯ್ಕೆ ಕಿವಿಗೆ ಬಿಟ್ಟ ವಿಷಯ. ನಮಗೆ ಹಾಗಲ್ಲ. ಕಾಲ, ವಚನ, ಪ್ರಶ್ನಾರ್ಥಕಗಳನ್ನೆಲ್ಲ ದಾಟಿ ಬಂದವರೂ ಇಲ್ಲಿ ಎಡವುತ್ತಾರೆ.

ಪಲ್ಲಾವರಂ ಈಗ ಚೆನ್ನೈ ವಿಮಾನ ನಿಲ್ದಾಣದ ಪಕ್ಕದ ಬಡಾವಣೆ, 2021ರಿಂದ ತಾಂಬರಂ ಮಹಾನಗರ ಪಾಲಿಕೆಯ ಭಾಗ. ಹೊರದೇಶಕ್ಕೆ ಓದಲೆಂದೋ ಕೆಲಸಕ್ಕೆಂದೋ ಹೋಗಬೇಕಾದವರು ಇಂತಹ ಬಡಾವಣೆಗಳಲ್ಲಿ ಎಷ್ಟೋ ಮಂದಿ. ಅವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಬರವಣಿಗೆಯನ್ನು ನಾಲ್ಕು ಮಾನದಂಡಗಳಿಂದ ಅಳೆಯುತ್ತಾರೆ. ವ್ಯಾಕರಣದ ವೈವಿಧ್ಯ ಮತ್ತು ನಿಖರತೆ ಅವುಗಳಲ್ಲೊಂದು. ಅರ್ಜಿಯ ಕೊನೆಯಲ್ಲಿ 'ಐ ಲುಕ್ ಫಾರ್ವರ್ಡ್ ಟು ಮೀಟ್ ಯು' ಎಂದು ಬರೆದರೆ ಅರ್ಥವೇನೂ ಕೆಡುವುದಿಲ್ಲ, ಅಂಕ ಮಾತ್ರ ಕೆಡಬಹುದು.

ಪಟ್ಟಿ ಯಾಕೆ ತಲೆಗೆ ಹತ್ತುವುದಿಲ್ಲ

ಶಾಲೆಯಲ್ಲಿ ಇದಕ್ಕೆ ಕೊಡುವ ಮದ್ದು ಪಟ್ಟಿ. ವಾಂಟ್, ಡಿಸೈಡ್, ಅಗ್ರೀ, ರೆಫ್ಯೂಸ್, ಪ್ಲಾನ್, ಹೋಪ್, ಪ್ರಾಮಿಸ್ ಇವುಗಳ ಮುಂದೆ 'ಟು'. ಎಂಜಾಯ್, ಅವಾಯ್ಡ್, ಫಿನಿಶ್, ಅಡ್ಮಿಟ್, ಡಿನೈ, ಪೋಸ್ಟ್‌ಪೋನ್, ಮೈಂಡ್ ಇವುಗಳ ಮುಂದೆ 'ಇಂಗ್'. ಬಿಗಿನ್, ಸ್ಟಾರ್ಟ್, ಕಂಟಿನ್ಯೂ ಮುಂದೆ ಎರಡೂ. ಸ್ಟಾಪ್, ರಿಮೆಂಬರ್, ಫರ್ಗೆಟ್, ಟ್ರೈ, ರಿಗ್ರೆಟ್ ಮುಂದೆ ಎರಡೂ ಬರುತ್ತವೆ, ಆದರೆ ಅರ್ಥ ಬೇರೆ. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ ಈ ಪಟ್ಟಿ ಮರುದಿನ ಸಂಜೆಯ ಹೊತ್ತಿಗೆ ಮರೆತಿರುತ್ತದೆ.

ಮರೆಯುವುದಕ್ಕೆ ಕಾರಣವಿದೆ. ಪಟ್ಟಿಯಲ್ಲಿ ಒಂದು ಪದ ಇನ್ನೊಂದರ ಪಕ್ಕ ಏಕಿದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಸ್ವಲ್ಪ ಬಲ್ಲ ಶಿಕ್ಷಕರು 'ಮುಂದೆ ಆಗುವುದಕ್ಕೆ ಟು, ಆಗಲೇ ಆದದ್ದಕ್ಕೆ ಇಂಗ್' ಎಂಬ ಸೂತ್ರ ಕೊಡುತ್ತಾರೆ. ಬಯಸುವುದು, ನಿರ್ಧರಿಸುವುದು, ಮಾತು ಕೊಡುವುದು ಇವೆಲ್ಲ ಮುಂದಿನದನ್ನು ಕುರಿತವು, ಆದ್ದರಿಂದ 'ಟು'. ತಪ್ಪೊಪ್ಪಿಕೊಳ್ಳುವುದು, ಅಲ್ಲಗಳೆಯುವುದು, ಮುಗಿಸುವುದು ಆದದ್ದನ್ನು ಕುರಿತವು, ಆದ್ದರಿಂದ 'ಇಂಗ್'. ಸೂತ್ರ ಒಳ್ಳೆಯದೇ, ಆದರೆ ಅರ್ಧ ದಾರಿಗೇ ಕೈಬಿಡುತ್ತದೆ. ಮುಂದೂಡಿದ ಕೆಲಸ ಇನ್ನೂ ಆಗಿಲ್ಲ, ಆದರೂ 'ಪೋಸ್ಟ್‌ಪೋನ್ ಗೋಯಿಂಗ್'. ಓಡಿಹೋಗಿ ರೈಲು ಹತ್ತಿದ್ದು ಆಗಿಹೋದ ಸಂಗತಿ, ಆದರೂ 'ಮ್ಯಾನೇಜ್ಡ್ ಟು ಕ್ಯಾಚ್ ದಿ ಟ್ರೇನ್'.

ಹಾಗಾದರೆ ಇನ್ನೇನು ಗತಿ? ಕನ್ನಡ ಬಲ್ಲವರು ದೂರ ಹೋಗಬೇಕಾಗಿಲ್ಲ. ಇಂಗ್ಲಿಷ್ ಎರಡು ರೂಪಗಳಿಂದ ಮಾಡುವ ಈ ವಿಂಗಡಣೆಯನ್ನು ಕನ್ನಡ ತನ್ನದೇ ಪ್ರತ್ಯಯಗಳಿಂದ ಮಾಡುತ್ತದೆ, ಎಷ್ಟೋ ಕಡೆ ಇಂಗ್ಲಿಷಿಗಿಂತ ಸ್ಪಷ್ಟವಾಗಿ ಮಾಡುತ್ತದೆ.

ಕನ್ನಡದ ಬಾಲ ನೋಡಿ

'ಹೋಗು' ಎಂಬ ಧಾತುವಿನಿಂದ ಕನ್ನಡ 'ಹೋಗಲು' ಎಂಬ ಅವ್ಯಯವನ್ನೂ 'ಹೋಗುವುದು' ಎಂಬ ನಾಮವನ್ನೂ ಕಟ್ಟಿಕೊಳ್ಳುತ್ತದೆ. ಮೊದಲನೆಯದಕ್ಕೆ ವಿಭಕ್ತಿ ಅಂಟುವುದಿಲ್ಲ. ಎರಡನೆಯದಕ್ಕೆ ಎಲ್ಲ ವಿಭಕ್ತಿಗಳೂ ಅಂಟುತ್ತವೆ: ಹೋಗುವುದನ್ನು, ಹೋಗುವುದರಿಂದ, ಹೋಗುವುದಕ್ಕೆ, ಹೋಗುವುದರಲ್ಲಿ. ಈಗ ಇಂಗ್ಲಿಷಿನ ಪಟ್ಟಿಯನ್ನು ಕನ್ನಡದಲ್ಲಿ ಹೇಳಿ ನೋಡೋಣ.

ಹೋಗಲು ಬಯಸಿದ, ಹೋಗಲು ನಿರ್ಧರಿಸಿದ, ಹೋಗಲು ಒಪ್ಪಿದ, ಹೋಗಲು ನಿರಾಕರಿಸಿದ, ಹೋಗಲು ಯೋಜನೆ ಹಾಕಿದ, ಈಜಲು ಕಲಿತ, ಹತ್ತಲು ಸಾಧ್ಯವಾಯಿತು. ಇಲ್ಲೆಲ್ಲ 'ಅಲು' ಸಲೀಸಾಗಿ ಕೂರುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲವೂ 'ಟು'. ಕಾಲದ ಸೂತ್ರಕ್ಕೆ ಸಿಕ್ಕದೆ ಜಾರಿದ 'ಮ್ಯಾನೇಜ್' ಕೂಡ ಇಲ್ಲಿ ತಾನಾಗಿ ಸಾಲಿಗೆ ಸೇರಿತು.

ಇನ್ನು ಮುಂದಿನವನ್ನು 'ಅಲು' ಹಾಕಿ ಹೇಳಿ. ಹೋಗಲು ತಪ್ಪಿಸಿದ, ಓದಲು ಮುಗಿಸಿದ, ಹೋಗಲು ಮುಂದೂಡಿದ, ಕದಿಯಲು ಅಲ್ಲಗಳೆದ. ಒಂದನ್ನೂ ಕಿವಿ ಒಪ್ಪುವುದಿಲ್ಲ. ಹೋಗುವುದನ್ನು ತಪ್ಪಿಸಿದ, ಓದುವುದನ್ನು ಮುಗಿಸಿದ, ಹೋಗುವುದನ್ನು ಮುಂದೂಡಿದ, ಕದ್ದದ್ದನ್ನು ಅಲ್ಲಗಳೆದ ಎಂದರೇ ಸರಿ. ಇಂಗ್ಲಿಷಿನಲ್ಲಿ ಇವೆಲ್ಲವೂ 'ಇಂಗ್': 'ಅವಾಯ್ಡೆಡ್ ಗೋಯಿಂಗ್', 'ಫಿನಿಶ್ಡ್ ರೀಡಿಂಗ್', 'ಪೋಸ್ಟ್‌ಪೋನ್ಡ್ ಗೋಯಿಂಗ್', 'ಡಿನೈಡ್ ಸ್ಟೀಲಿಂಗ್'.

ಹೀಗೆ ಮೊದಲ ಪರೀಕ್ಷೆ ಸಿಕ್ಕಿತು. ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಬರಹದ ಕನ್ನಡಕ್ಕೆ ತನ್ನಿ. 'ಅಲು' ಒಪ್ಪಿದರೆ 'ಟು', ಒಪ್ಪದೆ 'ಅನ್ನು' ಬೇಡಿದರೆ 'ಇಂಗ್'. ಬರಹದ ಕನ್ನಡ ಎಂದು ಒತ್ತಿ ಹೇಳುವುದಕ್ಕೆ ಕಾರಣ, ಆಡುಮಾತು ಕೆಲವು ಗೆರೆಗಳನ್ನು ಅಳಿಸಿಬಿಟ್ಟಿದೆ. ಬೆಂಗಳೂರಿನ 'ಹೋಗೋಕೆ', ಧಾರವಾಡದ 'ಹೋಗಾಕ', ಮಂಗಳೂರಿನ 'ಹೋಗ್ಲಿಕ್ಕೆ' ಇವು 'ಹೋಗಲು' ಮತ್ತು 'ಹೋಗುವುದಕ್ಕೆ' ಎರಡರ ಕೆಲಸವನ್ನೂ ಮಾಡುತ್ತವೆ. ಊರಿನಿಂದ ದೂರ ಬೆಳೆದು ಆಡುಗನ್ನಡ ಮಾತ್ರ ಬಲ್ಲ ಮಕ್ಕಳಿಗೆ 'ಹೋಗೋಕೆ' ಮತ್ತು 'ಹೋಗೋದನ್ನ' ಎಂಬ ಜೋಡಿಯನ್ನು ಕೊಟ್ಟು ಕೇಳಿದರೆ ಸಾಕು. ಯಾವುದು ಎಲ್ಲಿ ಸಲ್ಲುತ್ತದೆ ಎಂಬುದನ್ನು ಅವರ ಕಿವಿಯೇ ಹೇಳುತ್ತದೆ.

ಉಳಿದ ವಿಭಕ್ತಿಗಳ ಕಥೆ ಇನ್ನೂ ಸುಲಭ. 'ಓದುವುದು ಒಳ್ಳೆಯದು' ಎಂದು ಪ್ರಥಮಾ ವಿಭಕ್ತಿಯಲ್ಲಿ ಬಂದರೆ 'ರೀಡಿಂಗ್ ಈಸ್ ಗುಡ್'. ಕಲಿಯುವುದರಲ್ಲಿ ಆಸಕ್ತಿ ಎಂದರೆ 'ಇಂಟರೆಸ್ಟೆಡ್ ಇನ್ ಲರ್ನಿಂಗ್'. ನಡೆಯುವುದರಿಂದ ತೂಕ ಇಳಿಯಿತು ಎಂದರೆ 'ಬೈ ವಾಕಿಂಗ್'. ಹೋಗುವ ಬಗ್ಗೆ, ಹೋಗುವ ಮೊದಲು, ಹೋದ ಮೇಲೆ, ಹೋಗದೆ ಎಂಬಲ್ಲೆಲ್ಲ 'ಅಬೌಟ್ ಗೋಯಿಂಗ್', 'ಬಿಫೋರ್ ಗೋಯಿಂಗ್', 'ಆಫ್ಟರ್ ಗೋಯಿಂಗ್', 'ವಿದೌಟ್ ಗೋಯಿಂಗ್'. ಉಪಸರ್ಗದ ಮುಂದೆ ಕ್ರಿಯಾಪದ ಬಂದರೆ 'ಇಂಗ್' ಎಂಬ ಇಂಗ್ಲಿಷಿನ ನಿಯಮವೇ ಇದು. 'ಇಂಟರೆಸ್ಟೆಡ್ ಇನ್ ಟು ಲರ್ನ್' ಎಂದು ಯಾರೂ ಬರೆಯಬೇಕಾಗಿಲ್ಲ.

ಕವಲು ಇರುವುದು 'ಕ್ಕೆ'ಯಲ್ಲಿ

ನಮ್ಮ ತೊಂದರೆಯೆಲ್ಲ ಒಂದೇ ವಿಭಕ್ತಿಯಲ್ಲಿದೆ, ಚತುರ್ಥಿಯಲ್ಲಿ. ನೋಡುವುದಕ್ಕೆ ಬಂದ, ನಡೆಯುವುದಕ್ಕೆ ಒಗ್ಗಿದ, ಹೋಗುವುದಕ್ಕೆ ಆಕ್ಷೇಪಿಸಿದ. ಮೂರರಲ್ಲೂ 'ಕ್ಕೆ'. ಇಂಗ್ಲಿಷಿಗೆ ತಂದರೆ ಮೂರರಲ್ಲೂ 'ಟು' ಎಂಬ ಸದ್ದೇ ಕೇಳುತ್ತದೆ. ಆದರೆ ಮೊದಲನೆಯದು 'ಕೇಮ್ ಟು ಸೀ', ಉಳಿದೆರಡು 'ಯೂಸ್ಡ್ ಟು ವಾಕಿಂಗ್' ಮತ್ತು 'ಅಬ್ಜೆಕ್ಟೆಡ್ ಟು ಗೋಯಿಂಗ್'. ಇಂಗ್ಲಿಷಿನಲ್ಲಿ 'ಟು' ಒಂದೇ ಸದ್ದಿನ ಎರಡು ಪದ. ಒಂದು ಇನ್ಫಿನಿಟಿವ್‌ನ ಗುರುತು. ಇನ್ನೊಂದು 'ಟು ಚೆನ್ನೈ', 'ಟು ಮೈ ಬ್ರದರ್' ಎನ್ನುವಲ್ಲಿ ಬರುವ ಉಪಸರ್ಗ. ಉಪಸರ್ಗದ ಮುಂದೆ ಬರಬೇಕಾದದ್ದು 'ಇಂಗ್'.

ಎರಡನ್ನೂ ಬೇರೆ ಮಾಡುವ ಒರೆಗಲ್ಲು ಇಲ್ಲೂ 'ಅಲು'. ನೋಡುವುದಕ್ಕೆ ಬಂದ ಎಂಬುದನ್ನು 'ನೋಡಲು ಬಂದ' ಎನ್ನಬಹುದು, ಆದ್ದರಿಂದ 'ಟು ಸೀ'. 'ನಡೆಯಲು ಒಗ್ಗಿದ', 'ಹೋಗಲು ಆಕ್ಷೇಪಿಸಿದ' ಎನ್ನಲಾಗದು, ಆದ್ದರಿಂದ 'ಇಂಗ್'. 'ಐ ಯೂಸ್ಡ್ ಟು ವಾಕ್' ಎಂದರೆ 'ಹಿಂದೆ ನಡೆಯುತ್ತಿದ್ದೆ', 'ಐ ಆಮ್ ಯೂಸ್ಡ್ ಟು ವಾಕಿಂಗ್' ಎಂದರೆ 'ನಡೆದು ನಡೆದು ರೂಢಿಯಾಗಿದೆ'. ಕನ್ನಡದಲ್ಲಿ ಇವೆರಡೂ ಒಂದನ್ನೊಂದು ಹೋಲುವುದೇ ಇಲ್ಲ.

ಅರ್ಜಿಗಳ ಕೊನೆಯ ಸಾಲಿಗೆ ಬರೋಣ. 'ಲುಕ್ ಫಾರ್ವರ್ಡ್ ಟು' ಎನ್ನುವುದಕ್ಕೆ ಕನ್ನಡದಲ್ಲಿ 'ಎದುರುನೋಡು' ಇದೆ. ಏನನ್ನು ಎದುರುನೋಡುತ್ತೀರಿ? ಉತ್ತರವನ್ನು, ಭೇಟಿಯನ್ನು, ನಿಮ್ಮನ್ನು ಕಾಣುವುದನ್ನು. 'ಅನ್ನು' ಬಂದ ಮೇಲೆ ಮುಗಿಯಿತು: 'ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು'. 'ನಿಮ್ಮನ್ನು ಕಾಣಲು ಕಾತರನಾಗಿದ್ದೇನೆ' ಎಂದು ಹೇಳಬೇಕಿದ್ದರೆ 'ಅಲು' ಬಂತು: 'ಈಗರ್ ಟು ಮೀಟ್ ಯು'. ಇಷ್ಟಾದರೂ ಅನುಮಾನ ಉಳಿದರೆ 'ಟು' ಮುಂದೆ ಬರೀ ನಾಮಪದವೊಂದನ್ನು ಇಟ್ಟು ನೋಡಿ. 'ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ' ಸರಿಯಾಗಿ ಕೇಳುತ್ತದೆ, 'ವಾಂಟ್ ಟು ಯುವರ್ ರಿಪ್ಲೈ' ಕೇಳುವುದಿಲ್ಲ. ನಾಮಪದ ಕೂರುವ ಜಾಗದಲ್ಲಿ 'ಇಂಗ್' ಕೂರುತ್ತದೆ.

ಈ ಗೊಂದಲ ನಮ್ಮ ದಡ್ಡತನವಲ್ಲ ಎಂಬುದಕ್ಕೆ ಇಂಗ್ಲಿಷಿನ ಚರಿತ್ರೆಯೇ ಸಾಕ್ಷಿ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ 'ಟು' ಎಂಬುದು 'ಕಡೆಗೆ' ಎಂಬ ಉಪಸರ್ಗ ಮಾತ್ರವಾಗಿತ್ತು. ಅದರ ಮುಂದೆ ಬರುತ್ತಿದ್ದದ್ದು ಚತುರ್ಥಿ ವಿಭಕ್ತಿ ಅಂಟಿದ ಕ್ರಿಯಾನಾಮ. ನಮ್ಮ 'ನೋಡಲಿಕ್ಕೆ' ಇರುವ ಹಾಗೆಯೇ ಇತ್ತು. ಕಾಲಕ್ರಮದಲ್ಲಿ ವಿಭಕ್ತಿ ಸವೆದುಹೋಯಿತು, 'ಟು' ಮಾತ್ರ ಉಳಿಯಿತು. ಇತ್ತ 'ಇಂಗ್' ರೂಪ ಶತಮಾನಗಳುದ್ದಕ್ಕೂ ಹೊಸ ಹೊಸ ಜಾಗಗಳನ್ನು ಹಿಡಿಯುತ್ತ ಬಂತು. 'ಅಕಸ್ಟಮ್ಡ್ ಟು' ಮುಂದೆ 'ಇಂಗ್' ಇಲ್ಲದ ಕ್ರಿಯಾಪದ ಬರುವುದು 19ನೇ ಶತಮಾನದ ಇಂಗ್ಲಿಷ್ ಬರಹಗಾರರಲ್ಲೂ ಸಾಮಾನ್ಯವಾಗಿತ್ತು. ಇಂದು ಅದು ತಪ್ಪು. ಅಂದರೆ ನಾವು ಎಡವುವ ಜಾಗದಲ್ಲಿ ಇಂಗ್ಲಿಷೇ ಒಂದು ಕಾಲಕ್ಕೆ ಎರಡು ಮನಸ್ಸಿನಲ್ಲಿತ್ತು.

ಆದದ್ದೋ, ಆಗಬೇಕಾದದ್ದೋ

ಎರಡೂ ರೂಪ ಬಂದು ಅರ್ಥ ಬದಲಾಗುವ ಕ್ರಿಯಾಪದಗಳು ಕಲಿಯುವವರಿಗೆ ದೊಡ್ಡ ತಲೆನೋವು. ಕನ್ನಡದ ಬಲ ಎದ್ದು ಕಾಣುವುದೂ ಇಲ್ಲೇ. ಇಂಗ್ಲಿಷಿನ 'ಲಾಕಿಂಗ್' ಎಂಬ ಪದದೊಳಗೆ ಕಾಲವಿಲ್ಲ. ಕನ್ನಡದಲ್ಲಿ ಇದೆ. 'ಹಾಕುವುದು' ಬೇರೆ, 'ಹಾಕಿದ್ದು' ಬೇರೆ.

ನೆನಪು, ಮರೆವು: ಬೀಗ ಹಾಕಿದ್ದು ನೆನಪಿದೆ ಎಂದರೆ 'ಐ ರಿಮೆಂಬರ್ ಲಾಕಿಂಗ್ ದಿ ಡೋರ್'. ಬೀಗ ಹಾಕಲು ನೆನಪಿಟ್ಟುಕೋ ಎಂದರೆ 'ರಿಮೆಂಬರ್ ಟು ಲಾಕ್ ದಿ ಡೋರ್'. ಹಾಗೆಯೇ 'ಹೇಳಲು ಮರೆತೆ' ಎಂದರೆ ಹೇಳಲೇ ಇಲ್ಲ, 'ಫರ್ಗಾಟ್ ಟು ಟೆಲ್'. 'ಹೇಳಿದ್ದನ್ನು ಮರೆತೆ' ಎಂದರೆ ಹೇಳಿದ್ದೇನೋ ಹೌದು, ನೆನಪಿಲ್ಲ ಅಷ್ಟೆ, 'ಫರ್ಗಾಟ್ ಟೆಲಿಂಗ್'. ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ವಿಷಾದ: 'ನಿಮ್ಮ ಅರ್ಜಿ ತಿರಸ್ಕೃತವಾಗಿದೆ ಎಂದು ತಿಳಿಸಲು ವಿಷಾದಿಸುತ್ತೇವೆ' ಎಂಬ ಕಚೇರಿ ಭಾಷೆ 'ರಿಗ್ರೆಟ್ ಟು ಇನ್ಫಾರ್ಮ್'. 'ಹಾಗೆ ಅಂದದ್ದಕ್ಕೆ ವಿಷಾದವಿದೆ' ಎಂಬ ಮನಸ್ಸಿನ ಮಾತು 'ರಿಗ್ರೆಟ್ ಸೇಯಿಂಗ್'.

ಪ್ರಯತ್ನ: ಪಲ್ಲಾವರಂನ ಶುಕ್ರವಾರದ ಸಂತೆಗೆ ಹೆಸರಿದೆ. ಗಿಡ, ಬಟ್ಟೆ, ಪಾತ್ರೆಗಳಿಂದ ಹಿಡಿದು ಹಳೆಯ ಫೋನು, ರೇಡಿಯೊ, ಕುರ್ಚಿಗಳವರೆಗೆ ಅಲ್ಲಿ ಬಿಕರಿಯಾಗುತ್ತವೆ. ಹಳೆಯ ರೇಡಿಯೊ ಮಾರುವವನು 'ಟ್ರೈ ಸ್ವಿಚಿಂಗ್ ಇಟ್ ಆನ್' ಎಂದರೆ 'ಹಾಕಿ ನೋಡಿ' ಎಂದರ್ಥ. ಅದು ಮಾತಾಡುತ್ತದೋ ಇಲ್ಲವೋ ನೀವೇ ಪರೀಕ್ಷೆ ಮಾಡಿ ಎಂಬ ಧೈರ್ಯ ಆ ಮಾತಿನಲ್ಲಿದೆ. 'ಟ್ರೈ ಟು ಸ್ವಿಚ್ ಇಟ್ ಆನ್' ಎಂದನೋ, ಗುಂಡಿ ತಿರುಗುವುದೇ ಕಷ್ಟ, ಹಾಕಲು ಪ್ರಯತ್ನಿಸಿ ಎಂದಂತಾಯಿತು. ಅಂತಹ ರೇಡಿಯೊ ಕೊಳ್ಳಬೇಡಿ. ಕನ್ನಡದ 'ಮಾಡಿ ನೋಡು' ಎಂಬ ನುಡಿಗಟ್ಟಿಗೆ 'ಟ್ರೈ ಡೂಯಿಂಗ್' ಹೇಳಿ ಮಾಡಿಸಿದ ಜೋಡಿ.

ನಿಲ್ಲುವುದು: ಇಲ್ಲಿ ಕನ್ನಡ ಎರಡು ಬೇರೆ ಕ್ರಿಯಾಪದಗಳನ್ನೇ ಇಟ್ಟುಕೊಂಡಿದೆ. ಹೆಕ್ಕಲು ನಿಂತರು, ಹೆಕ್ಕುವುದನ್ನು ನಿಲ್ಲಿಸಿದರು. 'ನಿಲ್ಲು' ಇದ್ದರೆ 'ಟು', 'ನಿಲ್ಲಿಸು' ಇದ್ದರೆ 'ಇಂಗ್'. ಡಾಕ್ಟರ ಮುಂದೆ 'ಐ ಸ್ಟಾಪ್ಡ್ ಟು ಸ್ಮೋಕ್' ಎಂದವನು ಬೀಡಿ ಬಿಟ್ಟೆ ಎಂದು ಹೇಳಲು ಹೋಗಿ ಬೀಡಿ ಸೇದಲು ನಿಂತೆ ಎಂದು ಹೇಳಿರುತ್ತಾನೆ.

ಮುಂದುವರಿಯುವುದು: 'ಹಿ ವೆಂಟ್ ಆನ್ ಕಲೆಕ್ಟಿಂಗ್ ಸ್ಟೋನ್ಸ್' ಎಂದರೆ ಕಲ್ಲು ಕೂಡಿಸುತ್ತಲೇ ಹೋದರು. ಫೂಟ್ ಮಾಡಿದ್ದು ಅದನ್ನೇ. ಅವರು ದಶಕಗಳ ಕಾಲ ಕೂಡಿಸಿದ ಸಂಗ್ರಹವನ್ನು 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. 'ಹಿ ವೆಂಟ್ ಆನ್ ಟು ಸರ್ವೇ ಬಳ್ಳಾರಿ' ಎಂದರೆ ಒಂದು ಕೆಲಸ ಆದ ಮೇಲೆ ಇನ್ನೊಂದಕ್ಕೆ ಕೈಹಾಕಿದರು. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಭೂರಚನೆಯ ಬಗ್ಗೆ ಅವರು ಬರೆದದ್ದು ಹಾಗೆ ಬಂದ ಕೆಲಸ.

ಈ ಕೌಶಲ ಕನ್ನಡಕ್ಕಷ್ಟೇ ಸೀಮಿತವಲ್ಲ. ಪಲ್ಲಾವರಂನ ಕನ್ನಡದ ಮನೆಯ ಹುಡುಗಿ ಬೀದಿಗಿಳಿದು ತಮಿಳಿನಲ್ಲಿ ಮಾತಾಡಿದರೂ ಇದೇ ಗೆರೆಗಳು ಸಿಗುತ್ತವೆ. 'ಪಾರ್ಕ್ಕ ವಂದಾನ್' ಎಂದರೆ ನೋಡಲು ಬಂದ, 'ಪಾರ್ಪ್ಪದೈ ನಿರುತ್ತಿನಾನ್' ಎಂದರೆ ನೋಡುವುದನ್ನು ನಿಲ್ಲಿಸಿದ, 'ತಿರಂದು ಪಾರ್ತ್ತಾನ್' ಎಂದರೆ ತೆರೆದು ನೋಡಿದ. ಎರಡು ದ್ರಾವಿಡ ಭಾಷೆ ಬಲ್ಲ ಮಗುವಿಗೆ ಇಂಗ್ಲಿಷಿನ ಈ ಪಾಠಕ್ಕೆ ಎರಡು ಮನೆಯ ಆಸರೆ ಇದೆ. ಅದನ್ನು ತರಗತಿಯ ಬಾಗಿಲಾಚೆ ಬಿಟ್ಟು ಬಾ ಎನ್ನುವುದು ಶುದ್ಧ ನಷ್ಟ.

ನಡುವೆ ಮನುಷ್ಯ ಬಂದಾಗ

ಕೆಲಸ ಮಾಡುವವರು ಬೇರೆ ಎಂದಾದರೆ ಇಂಗ್ಲಿಷ್ ಸಾಮಾನ್ಯವಾಗಿ 'ಟು' ಕಡೆಗೆ ವಾಲುತ್ತದೆ. 'ಅಡ್ವೈಸ್ ಗೋಯಿಂಗ್' ಎನ್ನಬಹುದು, ಆದರೆ ನಡುವೆ ಅವನು ಬಂದರೆ 'ಅಡ್ವೈಸ್ ಹಿಮ್ ಟು ಗೋ'. 'ದೇ ಡೋಂಟ್ ಅಲೌ ಪಾರ್ಕಿಂಗ್ ಹಿಯರ್' ಎಂಬುದು ಸರಿ, ನಾವು ಬಂದರೆ 'ದೇ ಡೋಂಟ್ ಅಲೌ ಅಸ್ ಟು ಪಾರ್ಕ್ ಹಿಯರ್'. ಕನ್ನಡದಲ್ಲೂ ಹಾಗೆಯೇ, 'ನಮಗೆ ಗಾಡಿ ನಿಲ್ಲಿಸಲು ಬಿಡುವುದಿಲ್ಲ' ಎಂದು 'ಅಲು' ಬರುತ್ತದೆ.

ಇದಕ್ಕೆ ಒಂದು ಅಪವಾದ ತಡೆಯುವ ಕ್ರಿಯೆ. ಹೋಗದಂತೆ ತಡೆದ ಎಂದು ಕನ್ನಡ ನಿಷೇಧ ರೂಪವನ್ನು ತರುತ್ತದೆ. ಇಂಗ್ಲಿಷ್ 'ಫ್ರಂ' ಎಂಬ ಉಪಸರ್ಗವನ್ನು ತರುತ್ತದೆ, ಉಪಸರ್ಗ ಬಂದ ಮೇಲೆ 'ಇಂಗ್': 'ಪ್ರಿವೆಂಟೆಡ್ ಹಿಮ್ ಫ್ರಂ ಗೋಯಿಂಗ್'. ಕನ್ನಡದಲ್ಲಿ 'ಅದಂತೆ' ಎಂದು ಬಂದರೆ 'ಫ್ರಂ' ನೆನಪಾಗಲಿ.

ಕನ್ನಡ ಕೈಕೊಡುವ ಕಡೆ

ಇಷ್ಟೆಲ್ಲ ಹೊಗಳಿದ ಮೇಲೆ ಮಿತಿಯನ್ನೂ ಹೇಳಬೇಕು. 'ಸಜೆಸ್ಟ್' ಎಂಬ ಪದ ಕನ್ನಡದ ಒರೆಗಲ್ಲಿಗೆ ಬಗ್ಗುವುದಿಲ್ಲ. 'ಹೋಗಲು ಸೂಚಿಸಿದ' ಎಂದು ನಾವು ಧಾರಾಳವಾಗಿ ಹೇಳುತ್ತೇವೆ, ಇಂಗ್ಲಿಷಿನಲ್ಲಿ 'ಸಜೆಸ್ಟೆಡ್ ಟು ಗೋ' ಇಲ್ಲ, 'ಸಜೆಸ್ಟೆಡ್ ಗೋಯಿಂಗ್' ಎಂದೇ ಹೇಳಬೇಕು. 'ಸಜೆಸ್ಟೆಡ್ ಹಿಮ್ ಟು ಗೋ' ಎಂಬುದು ಭಾರತದ ಕಚೇರಿ ಪತ್ರಗಳಲ್ಲಿ ಮೆರೆಯುವ ರೂಪ. ಅಲ್ಲಿ 'ಸಜೆಸ್ಟೆಡ್ ದಟ್ ಹಿ ಗೋ' ಎಂದು ಬೇರೆಯದೇ ವಾಕ್ಯ ಕಟ್ಟಬೇಕು. 'ರೆಕಮೆಂಡ್' ಪದವನ್ನೂ ಇದರ ಜೊತೆಗೇ ಇಟ್ಟುಕೊಳ್ಳುವುದು ಕ್ಷೇಮ. 'ಕೆನಾಟ್ ಹೆಲ್ಪ್ ಲಾಫಿಂಗ್' ಎಂಬುದೂ ನಮ್ಮ 'ನಗದೆ ಇರಲಾಗಲಿಲ್ಲ' ಎಂಬುದೂ ಭಾವದಲ್ಲಿ ಒಂದೇ, ಕಟ್ಟಡದಲ್ಲಿ ಬೇರೆ. ಇಂತಹ ಬೆರಳೆಣಿಕೆಯ ಪದಗಳನ್ನು ಬಾಯಿಪಾಠ ಮಾಡಲೇಬೇಕು. ನೂರು ಪದಗಳ ಪಟ್ಟಿ ಹತ್ತಕ್ಕೆ ಇಳಿದರೆ ಅದೇ ದೊಡ್ಡ ಲಾಭ.

ಇನ್ನು 'ಲೈಕ್', 'ಲವ್', 'ಬಿಗಿನ್', 'ಸ್ಟಾರ್ಟ್' ಇವುಗಳ ಮುಂದೆ ಯಾವುದು ಬಂದರೂ ಹೆಚ್ಚಿನ ವ್ಯತ್ಯಾಸವಿಲ್ಲ. 'ಇಟ್ ಸ್ಟಾರ್ಟೆಡ್ ರೇನಿಂಗ್' ಎಂದರೂ ಮಳೆ ಬಂತು, 'ಇಟ್ ಸ್ಟಾರ್ಟೆಡ್ ಟು ರೇನ್' ಎಂದರೂ ಬಂತು. ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇ‌ಡ.

ಮದ್ರಾಸಿನ ಸ್ನೋಬಾಲ್, ಬೆಂಗಳೂರಿನ ಪ್ರಾಜೆಕ್ಟ್

ಇಂಗ್ಲಿಷನ್ನು ಹೇಗೆ ಕಲಿಸಬೇಕು ಎಂಬ ಪ್ರಶ್ನೆಗೆ ಮದ್ರಾಸ್ ಮತ್ತು ಬೆಂಗಳೂರು ಜಗತ್ತೇ ತಿರುಗಿ ನೋಡಿದ ಪ್ರಯೋಗಶಾಲೆಗಳು. ಆದರೆ ಮೊದಲು ನಡೆದದ್ದು ತಿರುವುಮುರುವು ಪಾಠ. 1812ರಲ್ಲಿ ಶುರುವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಕಂಪನಿಯ ಅಧಿಕಾರಿಗಳು ದಕ್ಷಿಣದ ಭಾಷೆಗಳನ್ನು ಕಲಿಯಬೇಕಿತ್ತು. ಜಾನ್ ಮೆಕೆರೆಲ್ ಅವರ ಕನ್ನಡ ವ್ಯಾಕರಣ 1820ರಲ್ಲಿ ಅಚ್ಚಾದದ್ದು ಮದ್ರಾಸಿನಲ್ಲೇ. ಇಂಗ್ಲಿಷ್ ಬಲ್ಲವರು ತಮ್ಮ ಭಾಷೆಯ ಮೂಲಕ ಕನ್ನಡದ ಕ್ರಿಯಾರೂಪಗಳನ್ನು ಅರಿಯುವುದಕ್ಕೆ ಅಂತಹ ಪುಸ್ತಕಗಳು ಬೇಕಾದವು. ತಮ್ಮ ಭಾಷೆಯನ್ನು ಮೆಟ್ಟಿಲು ಮಾಡಿಕೊಳ್ಳಲು ಅವರಿಗೆ ಯಾವ ಸಂಕೋಚವೂ ಇರಲಿಲ್ಲ.

ನಮ್ಮ ಮಕ್ಕಳ ಸರದಿ ಬಂದಾಗ ಮಾತ್ರ ಆ ಮೆಟ್ಟಿಲನ್ನು ತೆಗೆದಿಟ್ಟೆವು. 1950ರ ದಶಕದ ಕೊನೆಯ ಹೊತ್ತಿಗೆ ಮದ್ರಾಸ್ ರಾಜ್ಯದಲ್ಲಿ ಸುಮಾರು 27 ಸಾವಿರ ಶಿಕ್ಷಕರಿಗೆ ಮರುತರಬೇತಿ ಕೊಡುವ ಭಾರಿ ಕಾರ್ಯಕ್ರಮ ಶುರುವಾಯಿತು. ತರಬೇತಿ ಪಡೆದವರು ಇನ್ನಷ್ಟು ಮಂದಿಗೆ ಕಲಿಸಬೇಕು, ಅವರು ಮತ್ತಷ್ಟು ಮಂದಿಗೆ. ಆದ್ದರಿಂದಲೇ ಅದಕ್ಕೆ 'ಮದ್ರಾಸ್ ಸ್ನೋಬಾಲ್' ಎಂದು ಹೆಸರಾಯಿತು. ವಾಕ್ಯದ ಮಾದರಿಗಳನ್ನು ಒಂದಾದ ಮೇಲೊಂದು ಬಾಯಲ್ಲಿ ಆಡಿಸಿ ಆಡಿಸಿ ಕೂರಿಸುವುದು ಅದರ ವಿಧಾನ. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿದ್ದೂ ಶಿಕ್ಷಕರ ತರಬೇತಿಗೇ.

ಮಾದರಿಗಳ ಈ ಕವಾಯತನ್ನು ಪ್ರಶ್ನಿಸಿದವರು ಎನ್.ಎಸ್. ಪ್ರಭು. ಮದ್ರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿ ಕೆಲಸ ಮಾಡುತ್ತಿದ್ದ ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್ ಸೇರಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಬೇರೆಯೇ ಪ್ರಯೋಗ ನಡೆಸಿದರು. ಮಕ್ಕಳಿಗೆ ವ್ಯಾಕರಣದ ನಿಯಮ ಹೇಳಲಿಲ್ಲ. ರೈಲ್ವೆ ವೇಳಾಪಟ್ಟಿ ಕೊಟ್ಟು ಯಾವ ರೈಲು ಹಿಡಿಯಬೇಕು ಎಂದು ಕೇಳಿದರು, ನಕ್ಷೆ ಕೊಟ್ಟು ದಾರಿ ಹುಡುಕಿ ಎಂದರು. ಗಮನ ಅರ್ಥದ ಮೇಲೆ ನೆಟ್ಟಿದ್ದರೆ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲಿ ಅದು 'ಬೆಂಗಳೂರು ಪ್ರಾಜೆಕ್ಟ್' ಎಂದೇ ಪ್ರಸಿದ್ಧ. ಪ್ರಭು ಅವರ ಪುಸ್ತಕ 1987ರಲ್ಲಿ ಬಂತು. ಕೆಲಸ ಕೊಟ್ಟು ಭಾಷೆ ಕಲಿಸುವ ವಿಧಾನ ಇಂದು ಎಲ್ಲ ಕಡೆ ಹರಡಿರುವುದಕ್ಕೆ ಅದೂ ಒಂದು ಕಾರಣ. ಅದರ ಫಲಿತಾಂಶ ಎಷ್ಟು ಎಂಬ ಚರ್ಚೆ ಮಾತ್ರ ಮುಗಿದಿಲ್ಲ.

'ಟು' ಮತ್ತು 'ಇಂಗ್' ವಿಷಯದಲ್ಲಿ ಪ್ರಭು ಅವರ ಮಾತಿಗೆ ಬಲವಿದೆ. ಅರ್ಥ ಗೊತ್ತಿಲ್ಲದೆ ರೂಪ ಆರಿಸುವುದು ಅಸಾಧ್ಯ. ಬೀಗ ಹಾಕಿದ್ದಾಗಿದೆಯೋ ಹಾಕಬೇಕಾಗಿದೆಯೋ ಎಂಬುದು ತಿಳಿಯದೆ 'ರಿಮೆಂಬರ್' ಮುಂದೆ ಏನು ಬರೆಯುತ್ತೀರಿ? ಆದರೆ ಅರ್ಥಕ್ಕೆ ಹತ್ತಿರದ ದಾರಿ ನಮ್ಮ ನಾಲಗೆಯ ಮೇಲೇ ಇರುವಾಗ ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಿದರೆ ದಂಡ ಎನ್ನುವ ಶಾಲೆಗಳು ಇನ್ನೂ ಇವೆ. ಕನ್ನಡ ಬಂದರೆ ಇಂಗ್ಲಿಷ್ ಕೆಡುತ್ತದೆ ಎಂಬ ಭಯ ಅವುಗಳದ್ದು. ಈ ಪಾಠದ ಮಟ್ಟಿಗಾದರೂ ಸಂಗತಿ ಉಲ್ಟಾ. 'ಹೇಳಲು ಮರೆತೆ' ಮತ್ತು 'ಹೇಳಿದ್ದನ್ನು ಮರೆತೆ' ನಡುವಿನ ಅಂತರ ಬಲ್ಲ ಮಗು ಇಂಗ್ಲಿಷಿನ ಅಂತರವನ್ನು ಅರ್ಧ ಕಲಿತೇ ಬಂದಿರುತ್ತದೆ.

ಇಂಗ್ಲಿಷ್ ಕಲಿಯುವವರು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಹಿಂದೆ ಉಪಸರ್ಗವಿದೆಯೇ? ಇದ್ದರೆ 'ಇಂಗ್'. ಕನ್ನಡದಲ್ಲಿ 'ಅಲು' ಒಪ್ಪುತ್ತದೆಯೇ? ಒಪ್ಪಿದರೆ 'ಟು', 'ಅನ್ನು' ಬೇಡಿದರೆ 'ಇಂಗ್'. ಎರಡೂ ಬರುವ ಕ್ರಿಯಾಪದವಾದರೆ, ಆದದ್ದೋ ಆಗಬೇಕಾದದ್ದೋ? ಆದದ್ದಕ್ಕೆ 'ಇಂಗ್', ಆಗಬೇಕಾದದ್ದಕ್ಕೆ 'ಟು'. ಹೊಸ ಕ್ರಿಯಾಪದ ಸಿಕ್ಕಾಗ ಅದನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಅದರ ಬಾಲದೊಂದಿಗೆ ಬರೆದುಕೊಳ್ಳಿ. 'ಅವಾಯ್ಡ್' ಎಂದಲ್ಲ, 'ಅವಾಯ್ಡ್ ಗೋಯಿಂಗ್' ಎಂದು. ಇಂಗ್ಲಿಷ್ ಕಲಿಸುವವರಲ್ಲಿ ಒಂದೇ ಮನವಿ: ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆಯುವ ಮೊದಲು ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಲು ಮಕ್ಕಳನ್ನು ಕೇಳಿ. ಕನ್ನಡ ಚೆನ್ನಾಗಿ ಬಲ್ಲ ಮಗುವಿಗೆ ಇಂಗ್ಲಿಷ್ ಕಲಿಸುವುದು ಸುಲಭವೇ ಹೊರತು ಕಷ್ಟವಲ್ಲ.